ರಾಸಾಯನಿಕ ಉಣಿಸಿದ ಹಳೆಯ ಕಟ್ಟಿಗೆ: ಒಲೆಗೂ ಬೇಡ, ತಿಪ್ಪೆಗೂ ಬೇಡ



ನಮ್ಮ ಭಾಗದ ಒಕ್ಕಲುತನದ ಮನೆಗಳಲ್ಲಿ ಕಟ್ಟಿಗೆಯನ್ನು ಹಾಳು ಮಾಡುವ ರೂಢಿಯಿಲ್ಲ. ತೊಲೆಯಾಗಿದ್ದದ್ದು ಕಂಬವಾಗುತ್ತದೆ, ಕಂಬ ಮುರಿದರೆ ಗೂಟವಾಗುತ್ತದೆ, ಗೂಟ ಸವೆದರೆ ಒಲೆಗೆ ಹೋಗುತ್ತದೆ. ಒಲೆಯ ಬೂದಿ ತಿಪ್ಪೆ ಸೇರಿ, ಮರುವರ್ಷ ಚಕ್ಕಡಿಯಲ್ಲಿ ಹೊಲಕ್ಕೆ ಹೋಗುತ್ತದೆ. ಬೇವು, ಜಾಲಿ, ಸಾಗವಾನಿ, ಮತ್ತಿ ಮುಂತಾದ ಶುದ್ಧ ಕಟ್ಟಿಗೆಯ ಮಟ್ಟಿಗೆ ಇದು ಬಹಳ ಒಳ್ಳೆಯ ಪದ್ಧತಿ. ಹೊಲದಿಂದ ಬಂದದ್ದು ಹೊಲಕ್ಕೇ ಮರಳುತ್ತದೆ.

ಆದರೆ ಈಗ ನಮ್ಮ ಹಿತ್ತಿಲು, ಬಣವೆ ಜಾಗ, ದನದ ಕೊಟ್ಟಿಗೆಗಳಲ್ಲಿ ಬಿದ್ದಿರುವ ಹಳೆಯ ಕಟ್ಟಿಗೆಯೆಲ್ಲ ಶುದ್ಧವಾದುದಲ್ಲ. ಗೆದ್ದಲು, ಹುಳು, ಬೂಷ್ಟು ತಿನ್ನದಿರಲೆಂದು ವಿಷಯುಕ್ತ ರಾಸಾಯನಿಕ ಉಣಿಸಿದ ಕಟ್ಟಿಗೆಯೂ ಅದರಲ್ಲಿ ಬೆರೆತಿದೆ. ಇಂಥ ಕಟ್ಟಿಗೆ ಹಳೆಯದಾದರೂ ಅದರೊಳಗಿನ ವಿಷ ಹಳೆಯದಾಗುವುದಿಲ್ಲ. ಅದನ್ನು ಮೇಲೆ ಹೇಳಿದ ದಾರಿಯಲ್ಲೇ ಸಾಗಿಸಿದರೆ ಒಲೆಯ ಮುಂದೆ ಕುಳಿತವರಿಗೆ, ದನಕರುಗಳಿಗೆ ಮತ್ತು ಕೊನೆಗೆ ಹೊಲದ ಮಣ್ಣಿಗೆ ಕೇಡು ತಪ್ಪದು. ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ತಾಲೂಕುಗಳ ರೈತರು ಇದನ್ನು ಹೇಗೆ ಗುರುತಿಸಬೇಕು, ಹೇಗೆ ವಿಲೇವಾರಿ ಮಾಡಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಇಂಥ ಕಟ್ಟಿಗೆ ನಮ್ಮ ಊರುಗಳಿಗೆ ಬಂದ ಬಗೆ

ಮೊದಲನೆಯದು ರೈಲು ಸ್ಲೀಪರು. ಗದಗದಿಂದ ಬಾದಾಮಿ, ಬಾಗಲಕೋಟೆ, ವಿಜಯಪುರ ಮಾರ್ಗವಾಗಿ ಹೊಟಗಿಗೆ ಹೋಗುವ ರೈಲುದಾರಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮೀಟರ್‌ಗೇಜ್ ಆಗಿ ಹಾಕಿದ್ದು. ಈ ಶತಮಾನದ ಮೊದಲ ದಶಕದಲ್ಲಿ ಅದು ಬ್ರಾಡ್‌ಗೇಜ್ ಆಯಿತು. ಈಗ ಹಳಿಗಳ ಕೆಳಗೆ ಕಾಂಕ್ರೀಟ್ ಸ್ಲೀಪರುಗಳಿವೆ. ಹಿಂದಿನ ಕಾಲದ ಸ್ಲೀಪರುಗಳೆಲ್ಲ ಕಟ್ಟಿಗೆಯವಲ್ಲ, ಉಕ್ಕಿನವೂ ಇದ್ದವು. ಕಳಚಿದ ಕಟ್ಟಿಗೆಯ ಸ್ಲೀಪರುಗಳನ್ನು ರೈಲ್ವೆಯವರು ಹರಾಜು ಹಾಕುವುದು ದೇಶದಲ್ಲೆಲ್ಲ ಇದ್ದ ರೂಢಿ. ಹೀಗೆ ಕೈಯಿಂದ ಕೈಗೆ ಬಂದ ಸ್ಲೀಪರುಗಳು ಅಗಸೆಯ ಗೇಟಿಗೆ, ಕೊಟ್ಟಿಗೆಯ ಕಂಬಕ್ಕೆ, ಕಾಲುವೆ ದಾಟುವ ಸಂಕಕ್ಕೆ ಬಳಕೆಯಾಗುತ್ತವೆ.

ಎರಡನೆಯದು ಬಿಚ್ಚಿದ ಮನೆಗಳ ಸಾಮಾನು. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಹಳೆಯ ಬಾಗಲಕೋಟೆಯ ತಗ್ಗಿನ ಭಾಗಗಳೂ ಸುತ್ತಲಿನ ಅನೇಕ ಹಳ್ಳಿಗಳೂ ಮುಳುಗಡೆಯಾಗಿ, ಜನರು ನವನಗರಕ್ಕೆ ಮತ್ತು ಪುನರ್ವಸತಿ ಕೇಂದ್ರಗಳಿಗೆ ಬಂದರು. 2019ರ ಆಗಸ್ಟ್ ತಿಂಗಳಿನ ನೆರೆಯಲ್ಲಿ ಮಲಪ್ರಭೆಯ ದಂಡೆಯ ಊರುಗಳಲ್ಲಿ ಮಣ್ಣಿನ ಮಾಳಿಗೆಯ ಮನೆಗಳು ಬಿದ್ದವು. ಇಂಥ ಮನೆಗಳ ತೊಲೆ, ಜಂತಿ, ಬೋದಿಗೆ, ಬಾಗಿಲ ಚೌಕಟ್ಟುಗಳು ಮೂಲದಲ್ಲಿ ಶುದ್ಧ ಕಟ್ಟಿಗೆಯೇ. ಆದರೆ ಗೆದ್ದಲು ಹತ್ತಿದಾಗ ಹಿಂದಿನವರು ಆಲ್ಡ್ರಿನ್, ಬಿ.ಎಚ್.ಸಿ., ಡಿ.ಡಿ.ಟಿ.ಯಂಥ ಕೀಟನಾಶಕಗಳನ್ನು ಹಚ್ಚಿರುವ ಸಂಭವ ಉಂಟು. ಆ ಕಾಲದಲ್ಲಿ ಅವು ಅಂಗಡಿಯಲ್ಲಿ ಸುಲಭವಾಗಿ ದೊರೆಯುತ್ತಿದ್ದವು.

ಮೂರನೆಯದು ಕಾರ್ಖಾನೆ, ಗೋದಾಮು, ಇಲಾಖೆಗಳ ಹರಾಜಿನಲ್ಲಿ ಕೊಂಡು ತಂದ ಮರದ ಕಂಬ, ಹಲಗೆ, ದಪ್ಪ ಪಟ್ಟಿಗಳು. ಇವು ಮೊದಲು ಎಲ್ಲಿದ್ದವು, ಏನು ಹಾಕಿದ್ದರು ಎಂಬುದು ಕೊಂಡವರಿಗೆ ತಿಳಿದಿರುವುದಿಲ್ಲ.

ಕಟ್ಟಿಗೆಯೊಳಗೆ ಇರುವುದೇನು?

ಮುಖ್ಯವಾಗಿ ಮೂರು ಬಗೆಯ ರಾಸಾಯನಿಕಗಳನ್ನು ತಿಳಿದಿರಬೇಕು.

1. ಕ್ರಿಯೋಸೋಟ್: ಇದು ಕಲ್ಲಿದ್ದಲ ಡಾಂಬರಿನಿಂದ ಇಳಿಸಿದ ಕಪ್ಪು ಎಣ್ಣೆ. ಸ್ಲೀಪರುಗಳಿಗೆ ಇದನ್ನು ಒತ್ತಡದಿಂದ ಉಣಿಸುತ್ತಿದ್ದರು. ಇದು ಚರ್ಮಕ್ಕೆ ಉರಿ ತರುತ್ತದೆ, ಬಿಸಿಲಲ್ಲಿ ಈ ಉರಿ ಹೆಚ್ಚುತ್ತದೆ. ಬಹುಕಾಲ ಸಂಪರ್ಕವಿದ್ದರೆ ಕ್ಯಾನ್ಸರ್ ತರಬಲ್ಲ ವಸ್ತುಗಳ ಸಾಲಿನಲ್ಲಿ ಇದನ್ನು ಸೇರಿಸಲಾಗಿದೆ.

2. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಲವಣಗಳ ಮಿಶ್ರಣ: ಇದನ್ನು ನಮ್ಮ ದೇಶದಲ್ಲಿಯೇ ಕಂಡುಹಿಡಿದದ್ದು. ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೋಂಟಿ ಕಾಮೇಶಂ ಎಂಬ ವಿಜ್ಞಾನಿ 1933ರಲ್ಲಿ ಇದನ್ನು ರೂಪಿಸಿದರು. ‘ಆಸ್ಕು’ ಎಂಬ ಹೆಸರಿನಿಂದ ಇದು ಜಗತ್ತಿನಲ್ಲೆಲ್ಲ ಹರಡಿತು. ಕಟ್ಟಿಗೆಯ ಆಯುಷ್ಯವನ್ನು ಹಲವು ಪಟ್ಟು ಹೆಚ್ಚಿಸಿದ ಕೀರ್ತಿ ಇದಕ್ಕೆ ಸಲ್ಲಬೇಕು. ಆದರೆ ಇದರಲ್ಲಿರುವ ಆರ್ಸೆನಿಕ್ ಎಂದರೆ ನಮ್ಮ ಹಿರಿಯರು ಪಾಷಾಣ ಎಂದು ಕರೆಯುತ್ತಿದ್ದ ವಿಷದ ಮೂಲಧಾತು. ಈ ಕಾರಣದಿಂದಲೇ ಅಮೆರಿಕದಲ್ಲಿ 2003ರ ಕೊನೆಯಿಂದ ಮನೆಬಳಕೆಯ ಕಟ್ಟಿಗೆಗೆ ಇದನ್ನು ಉಣಿಸುವುದು ನಿಂತಿದೆ.

3. ಕ್ಲೋರಿನ್ ಇರುವ ಹಳೆಯ ಕೀಟನಾಶಕಗಳು: ಆಲ್ಡ್ರಿನ್, ಕ್ಲೋರ್ಡೇನ್, ಡೀಲ್ಡ್ರಿನ್, ಬಿ.ಎಚ್.ಸಿ., ಪೆಂಟಾಕ್ಲೋರೋಫಿನಾಲ್ ಮೊದಲಾದವು. ನಮ್ಮ ದೇಶದಲ್ಲಿ ಆಲ್ಡ್ರಿನ್ 1996ರಲ್ಲಿ, ಬಿ.ಎಚ್.ಸಿ. 1997ರಲ್ಲಿ ನಿಷೇಧವಾದವು. ಅಂಗಡಿಯಿಂದ ಮರೆಯಾದರೂ ಹಚ್ಚಿದ ಕಟ್ಟಿಗೆಯಲ್ಲಿ ಇವು ಹತ್ತಾರು ವರ್ಷ ಉಳಿಯುತ್ತವೆ.

ಇವುಗಳ ಜೊತೆಗೆ ಹಳೆಯ ಬಾಗಿಲು, ಕಿಟಕಿಗಳ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಬಹಳ. ಬಣ್ಣದಲ್ಲಿ ಸೀಸದ ಪ್ರಮಾಣವನ್ನು ಕಟ್ಟುನಿಟ್ಟಾಗಿ ಮಿತಿಗೊಳಿಸುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಮುಂಚಿನ ಬಣ್ಣ ಬಳಿದ ಕಟ್ಟಿಗೆಯನ್ನೂ ಒಲೆಗೆ ಹಾಕಕೂಡದು.

ಬೆಂಕಿ ಈ ವಿಷವನ್ನು ಸುಡುವುದಿಲ್ಲ

‘ಬೆಂಕಿಗೆ ಹಾಕಿದರೆ ಎಲ್ಲವೂ ಶುದ್ಧ’ ಎಂಬ ನಂಬಿಕೆ ನಮ್ಮಲ್ಲಿದೆ. ಈ ಕಟ್ಟಿಗೆಯ ವಿಷಯದಲ್ಲಿ ಅದು ಸಲ್ಲದು. ಕಟ್ಟಿಗೆಯ ನಾರು ಸುಟ್ಟು ಹೋಗುತ್ತದೆ, ಆರ್ಸೆನಿಕ್, ಕ್ರೋಮಿಯಂ, ತಾಮ್ರ ಮತ್ತು ಸೀಸ ಸುಟ್ಟು ಹೋಗುವುದಿಲ್ಲ. ಅವು ಧಾತುಗಳು. ಬೆಂಕಿಯು ಅವುಗಳನ್ನು ಕಟ್ಟಿಗೆಯ ಹಿಡಿತದಿಂದ ಬಿಡಿಸಿ, ಒಂದು ಭಾಗವನ್ನು ಹೊಗೆಯಲ್ಲಿ ಮೇಲಕ್ಕೆ ಕಳಿಸುತ್ತದೆ, ಉಳಿದದ್ದನ್ನು ಬೂದಿಯಲ್ಲಿ ಒಟ್ಟುಗೂಡಿಸುತ್ತದೆ. ಕಟ್ಟಿಗೆಯಲ್ಲಿ ಬಿಗಿಯಾಗಿ ಕುಳಿತಿದ್ದ ವಿಷ ಬೂದಿಯಲ್ಲಿ ನೀರಿಗೆ ಸುಲಭವಾಗಿ ಕರಗುವಂತಾಗುತ್ತದೆ.

ಒಂದು ಸಣ್ಣ ಲೆಕ್ಕ ನೋಡೋಣ. ಆಸ್ಕು ಮಿಶ್ರಣದಲ್ಲಿ ಎಂಟು ಭಾಗಕ್ಕೆ ಒಂದು ಭಾಗ ಆರ್ಸೆನಿಕ್ ಲವಣ. ಒಂದು ಘನ ಮೀಟರ್ ಕಟ್ಟಿಗೆಗೆ 8 ಕಿಲೋ ಮಿಶ್ರಣ ಉಣಿಸಿದ್ದರೆ ಅದರಲ್ಲಿ 1 ಕಿಲೋ ಆರ್ಸೆನಿಕ್ ಲವಣ, ಅಂದರೆ ಅರ್ಧ ಕಿಲೋಗಿಂತ ತುಸು ಹೆಚ್ಚು ಶುದ್ಧ ಆರ್ಸೆನಿಕ್ ಇದ್ದಂತಾಯಿತು. ಘನ ಮೀಟರಿಗೆ 700 ಕಿಲೋ ತೂಗುವ ಕಟ್ಟಿಗೆಯಾದರೆ, 10 ಕಿಲೋ ಕಟ್ಟಿಗೆಯಲ್ಲಿ ಸುಮಾರು 8 ಗ್ರಾಂ ಆರ್ಸೆನಿಕ್. ಈ 10 ಕಿಲೋ ಕಟ್ಟಿಗೆ ಸುಟ್ಟರೆ ಉಳಿಯುವುದು ನೂರು ಗ್ರಾಂ ಆಸುಪಾಸಿನ ಬೂದಿ. ಎಂದರೆ ಎರಡು ಹಿಡಿ ಬೂದಿ. ದೊಡ್ಡ ಮನುಷ್ಯನ ಪ್ರಾಣಕ್ಕೆ ಎರವಾಗಲು ಈ ವಿಷ ಒಂದು ಗ್ರಾಮಿನ ಹತ್ತನೆಯ ಒಂದೆರಡು ಭಾಗ ಸಾಕು. ಕುಡಿಯುವ ನೀರಿನಲ್ಲಿ ಆರ್ಸೆನಿಕ್ಕಿಗೆ ಇರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ ಮಾತ್ರ. ಆ ಲೆಕ್ಕದಲ್ಲಿ 8 ಗ್ರಾಂ ಎಂಟು ಲಕ್ಷ ಲೀಟರ್ ನೀರನ್ನು ಮಿತಿಯ ಅಂಚಿಗೆ ತರಬಲ್ಲದು.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಹಳ್ಳಿಯೊಂದರಲ್ಲಿ ಎಂಟು ಜನರ ಕುಟುಂಬವೊಂದು ಇಂಥ ಕಟ್ಟಿಗೆಯನ್ನು ಚಳಿಗಾಲದ ಒಲೆಯಲ್ಲಿ ಉರಿಸಿ ವರ್ಷಗಟ್ಟಲೆ ಕಾಯಿಲೆ ಬಿದ್ದ ಸಂಗತಿ 1984ರಲ್ಲಿ ಅಲ್ಲಿನ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಚಳಿಗಾಲ ಬಂದೊಡನೆ ಕಾಯಿಲೆ ಮರುಕಳಿಸುತ್ತಿತ್ತು, ಕಾರಣ ಮಾತ್ರ ಬೇಗ ತಿಳಿಯಲಿಲ್ಲ. ಬೇಲಿಗೂಟ ಸುಟ್ಟ ಬೂದಿಯನ್ನು ಉಪ್ಪಿನ ಆಸೆಗೆ ನೆಕ್ಕಿ ದನಗಳು ಸತ್ತ ಪ್ರಕರಣಗಳೂ ಹೊರದೇಶಗಳಲ್ಲಿ ದಾಖಲಾಗಿವೆ.

ಕ್ರಿಯೋಸೋಟ್ ಮತ್ತು ಕ್ಲೋರಿನ್ ಕೀಟನಾಶಕಗಳ ಮಾತು ಬೇರೆ. ಅವು ಬಹಳ ಹೆಚ್ಚಿನ ಉಷ್ಣತೆಯಲ್ಲಿ, ಹೊಗೆಯನ್ನು ಶೋಧಿಸುವ ಕುಲುಮೆಯಲ್ಲಿ ಮಾತ್ರ ಸರಿಯಾಗಿ ಸುಟ್ಟು ನಾಶವಾಗುತ್ತವೆ. ಮನೆಯ ಒಲೆ, ಹಂಡೆಯ ಒಲೆ, ಹೊಲದ ಬದುವಿನ ಬೆಂಕಿ ಇವುಗಳಿಗೆ ಆ ಕಾವು ಇಲ್ಲ. ಅರೆಬರೆ ಸುಟ್ಟಾಗ ಡಯಾಕ್ಸಿನ್ ಮುಂತಾದ, ಮೂಲಕ್ಕಿಂತ ಕೆಟ್ಟ ವಿಷಗಳು ಹುಟ್ಟುತ್ತವೆ.

ಬೂದಿ ಹೋಗುವ ದಾರಿ

ಪೇಟೆಯ ಮನೆಯಲ್ಲಿ ಬೂದಿ ಎಂದರೆ ಕಸ. ನಮ್ಮ ಮನೆಗಳಲ್ಲಿ ಬೂದಿ ಎಂದರೆ ಬಳಕೆಯ ವಸ್ತು. ಅಪಾಯ ಹೆಚ್ಚುವುದು ಇಲ್ಲಿಯೇ. ನಿಮ್ಮ ಮನೆಯ ಬೂದಿ ಎಲ್ಲೆಲ್ಲಿ ಹೋಗುತ್ತದೆ ಎಂದು ಒಮ್ಮೆ ಎಣಿಸಿ ನೋಡಿರಿ:

— ಪಾತ್ರೆ ತಿಕ್ಕಲು.
— ಹೆಸರು, ಅಲಸಂದೆ, ತೊಗರಿ ಬೀಜಕ್ಕೆ ಹುಳು ಹತ್ತದಂತೆ ಬೆರೆಸಿಡಲು.
— ಬದನೆ, ಮೆಣಸಿನ ಸಸಿ, ಸೊಪ್ಪಿನ ಮಡಿಗಳ ಮೇಲೆ ಹೇನು ಬಾರದಂತೆ ಚೆಲ್ಲಲು.
— ತಿಪ್ಪೆಗೆ, ಅಲ್ಲಿಂದ ಉಳ್ಳಾಗಡ್ಡಿ ಮತ್ತು ಜೋಳದ ಹೊಲಕ್ಕೆ.
— ಹಲ್ಲು ತಿಕ್ಕಲು ಬೂದಿಯನ್ನೇ ಬಳಸುವ ಹಿರಿಯರೂ ಇನ್ನೂ ಇದ್ದಾರೆ.

ಒಂದು ದಿನ ಗೊತ್ತಿಲ್ಲದೆ ಒಲೆಗೆ ಹಾಕಿದ ಒಂದು ತುಂಡು ಈ ಎಲ್ಲ ದಾರಿಗಳಲ್ಲೂ ಹರಡಬಲ್ಲದು. ಕೀಟನಾಶಕವಾದರೆ ಕಾಲಾಂತರದಲ್ಲಿ ಕ್ಷೀಣಿಸೀತು. ಆರ್ಸೆನಿಕ್ ಹೊಲದಲ್ಲಿ ಕ್ಷೀಣಿಸುವುದಿಲ್ಲ, ವರ್ಷ ವರ್ಷವೂ ಸೇರುತ್ತಾ ಹೋಗುತ್ತದೆ. ಬೂದಿಯ ಕ್ಷಾರಗುಣದಲ್ಲಿ ಮತ್ತು ನೀರು ನಿಂತ ಮಣ್ಣಿನಲ್ಲಿ ಅದರ ಚಲನೆ ಹೆಚ್ಚು. ನಮ್ಮ ಎರೆ ಹೊಲಗಳು ಮೊದಲೇ ಕ್ಷಾರದ ಕಡೆಗೆ ವಾಲಿದವು, ಮಳೆ ಹಿಡಿದಾಗ ನೀರು ನಿಲ್ಲುವಂಥವು ಎಂಬುದನ್ನು ಮರೆಯಬಾರದು.

ಇಳಕಲ್ ಮತ್ತು ಸುತ್ತಲಿನ ಊರುಗಳಲ್ಲಿ ನೂಲಿಗೆ ಬಣ್ಣ ಹಾಕಲು ನೀರು ಕಾಯಿಸುವವರೂ, ಹೋಟೆಲು, ಖಾನಾವಳಿ ನಡೆಸುವವರೂ ಹಳೆಯ ಕಟ್ಟಿಗೆಯನ್ನು ತೂಕದ ಲೆಕ್ಕದಲ್ಲಿ ಕೊಳ್ಳುತ್ತಾರೆ. ನಿಮ್ಮ ಮನೆಗೆ ಬೇಡವಾದ ಸಂಶಯದ ಕಟ್ಟಿಗೆಯನ್ನು ಅವರಿಗೆ ಮಾರುವುದೂ ತಪ್ಪೇ. ವಿಷ ಒಂದು ಒಲೆಯಿಂದ ಇನ್ನೊಂದು ಒಲೆಗೆ ಹೋಯಿತೇ ಹೊರತು ತೊಲಗಲಿಲ್ಲ.

ಗುರುತಿಸುವ ಕ್ರಮ

1. ಮೊದಲು ಹುಟ್ಟು ಕೇಳಿರಿ. ಈ ತುಂಡು ಎಲ್ಲಿಂದ ಬಂತು, ಮೊದಲು ಏನಾಗಿತ್ತು, ಗೆದ್ದಲಿಗೆ ಏನಾದರೂ ಹಚ್ಚಿದ್ದರೇ ಎಂದು ಮನೆಯ ಹಿರಿಯರನ್ನೂ ಬಡಿಗರನ್ನೂ ಕೇಳಿರಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

2. ಅಳತೆ ನೋಡಿರಿ. ಮೀಟರ್‌ಗೇಜ್ ಸ್ಲೀಪರು 6 ಅಡಿ ಉದ್ದ, 8 ಅಂಗುಲ ಅಗಲ, ನಾಲ್ಕೂವರೆ ಅಂಗುಲ ದಪ್ಪ. ಬ್ರಾಡ್‌ಗೇಜಿನದು 9 ಅಡಿ ಉದ್ದ, 10 ಅಂಗುಲ ಅಗಲ, 5 ಅಂಗುಲ ದಪ್ಪ. ಎರಡೂ ತುದಿಯ ಕಡೆಗೆ ಹಳಿ ಕೂತ ಗುರುತು, ದಪ್ಪ ಮೊಳೆಯ ತೂತುಗಳು ಇರುತ್ತವೆ.

3. ಕಪ್ಪು ಬಣ್ಣ, ಡಾಂಬರಿನ ವಾಸನೆ, ಬೇಸಿಗೆಯಲ್ಲಿ ಜಿಗುಟಾದ ಎಣ್ಣೆ ಒಸರುವುದು ಕ್ರಿಯೋಸೋಟಿನ ಲಕ್ಷಣ.

4. ಮೇಲ್ಮೈಯಲ್ಲಿ ಅಥವಾ ಬಿರುಕಿನಲ್ಲಿ ಹಸಿರು ಛಾಯೆ ಕಂಡರೆ ತಾಮ್ರದ ಲವಣ ಇರಬಹುದು. ಬಿಸಿಲು ಮಳೆಗೆ ಇದು ಬೂದು ಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ಹಸಿರು ಕಾಣದಿದ್ದ ಮಾತ್ರಕ್ಕೆ ಶುದ್ಧವೆಂದು ತಿಳಿಯಕೂಡದು.

5. ಬಹಳ ವರ್ಷ ನೆಲದಲ್ಲಿ ಹೂತಿದ್ದರೂ ಗೆದ್ದಲು ಮುಟ್ಟದ ಹಗುರ ಜಾತಿಯ ಕಟ್ಟಿಗೆ ಸಂಶಯಕ್ಕೆ ಯೋಗ್ಯ. ಸಾಗವಾನಿಯಂಥ ಗಟ್ಟಿ ಕಟ್ಟಿಗೆಗೆ ಈ ಮಾತು ಅನ್ವಯಿಸದು.

ಬೆಂಕಿಗೆ ಹಿಡಿದು ಜ್ವಾಲೆಯ ಬಣ್ಣ ನೋಡುವುದು, ಮೂಗಿಗೆ ಹಿಡಿದು ಮೂಸುವುದು, ನಾಲಿಗೆಗೆ ತಾಗಿಸುವುದು ಇಂಥ ಪರೀಕ್ಷೆಗಳನ್ನು ಎಂದೂ ಮಾಡಬೇಡಿರಿ. ಸಂಶಯ ಉಳಿದರೆ ರಾಸಾಯನಿಕ ಉಣಿಸಿದ ಕಟ್ಟಿಗೆ ಎಂದೇ ತಿಳಿದು ನಡೆಯಿರಿ.

ವಿಲೇವಾರಿಯ ಹಂತಗಳು

ಮೊದಲ ಹಂತ: ಬೇರೆ ಮಾಡುವುದು. ಉರುವಲು ಕಟ್ಟಿಗೆಯ ರಾಶಿಯಿಂದ ಸಂಶಯದ ತುಂಡುಗಳನ್ನು ತೆಗೆದು ಬೇರೆ ಇಡಿರಿ. ಪ್ರತಿ ತುಂಡಿಗೂ ಕೆಂಪು ಬಣ್ಣದ ಪಟ್ಟೆ ಹಾಕಿ, ಮನೆಯ ಹೆಣ್ಣುಮಕ್ಕಳಿಗೂ ಆಳುಗಳಿಗೂ ಅದರ ಅರ್ಥ ತಿಳಿಸಿರಿ. ಒಲೆಗೆ ಕಟ್ಟಿಗೆ ಹಾಕುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಈ ವಿಷಯ ಮೊದಲು ತಿಳಿಯಬೇಕಾದವರೂ ಅವರೇ.

ಎರಡನೆಯ ಹಂತ: ಒಣಗಿದ ಜಾಗದಲ್ಲಿ ಇಡುವುದು. ಬಾವಿ, ಬೋರು, ಹಳ್ಳ, ದನದ ಕೊಟ್ಟಿಗೆ, ಮಕ್ಕಳು ಆಡುವ ಜಾಗ ಇವುಗಳಿಂದ ದೂರ ಎತ್ತರದ ಸ್ಥಳ ಆರಿಸಿರಿ. ಕೆಳಗೆ ಕಲ್ಲು ಇಟ್ಟು ಅದರ ಮೇಲೆ ಕಟ್ಟಿಗೆ ಪೇರಿಸಿ, ತಾಡಪತ್ರಿ ಹೊದಿಸಿರಿ. ಮಳೆನೀರು ತಾಗದಿದ್ದರೆ ವಿಷ ಇಳಿಯುವುದು ಬಹುಮಟ್ಟಿಗೆ ನಿಲ್ಲುತ್ತದೆ. ಹೀಗೆ ಇಟ್ಟ ಕಟ್ಟಿಗೆಗೆ ಅವಸರವಿಲ್ಲ. ಅವಸರದಿಂದ ಸುಡುವುದಕ್ಕಿಂತ ಹತ್ತು ವರ್ಷ ಇಟ್ಟುಕೊಳ್ಳುವುದು ಮೇಲು.

ಮೂರನೆಯ ಹಂತ: ಗಟ್ಟಿ ಇರುವುದನ್ನು ಇಡಿಯಾಗಿ ಬಳಸುವುದು. ಇನ್ನೂ ಗಟ್ಟಿ ಇರುವ ಸ್ಲೀಪರು ಅಥವಾ ಕಂಬವನ್ನು ಕತ್ತರಿಸದೆ, ಹೊಲದ ಗೇಟಿನ ಕಂಬ, ದೂರದ ಬೇಲಿಯ ಮೂಲೆಗೂಟ ಮುಂತಾದ ಕಡೆ ಬಳಸಬಹುದು. ಆದರೆ ಕೆಳಗಿನ ಕಡೆಗಳಲ್ಲಿ ಬಳಸಕೂಡದು:

— ದನ ನೆಕ್ಕುವ, ಮೈ ತಿಕ್ಕುವ ಕಡೆ: ಗೋದಲಿ, ಕಟ್ಟುವ ಗೂಟ, ಮೇವಿನ ಅಟ್ಟ.
— ಕುರಿದೊಡ್ಡಿ, ಕೋಳಿಗೂಡು, ಜೇನುಪೆಟ್ಟಿಗೆ.
— ಕಾಳು ಇಡುವ ಕೋಣೆ, ಕಣಜ, ಹಗೇವಿನ ಬಾಯಿ.
— ಬಾವಿಯ ಕಟ್ಟೆ, ನೀರಿನ ತೊಟ್ಟಿ, ಕಾಲುವೆಯ ಸಂಕ.
— ತರಕಾರಿ ಮಡಿಯ ಅಂಚು.
— ಮನೆಯ ಒಳಭಾಗ, ಮಂಚ, ಬೆಂಚು, ಮಕ್ಕಳ ಜೋಕಾಲಿ.

ಈಗಾಗಲೇ ಇಂಥ ಕಡೆ ಬಳಸಿದ್ದರೆ ಬೇಸಿಗೆಯಲ್ಲಿ ತೆಗೆದು ಕಲ್ಲಿನದನ್ನು ಹಾಕಿರಿ.

ನಾಲ್ಕನೆಯ ಹಂತ: ಸಂಬಂಧಪಟ್ಟವರಿಗೆ ಒಪ್ಪಿಸುವುದು. ಮನೆಗಳಲ್ಲಿ ಹುಟ್ಟುವ ಅಪಾಯಕಾರಿ ಕಸವನ್ನು ಬೇರೆಯಾಗಿ ಸ್ವೀಕರಿಸಿ ಮುಂದಕ್ಕೆ ಕಳಿಸುವ ಹೊಣೆ ಸ್ಥಳೀಯ ಸಂಸ್ಥೆಗಳದು. ಬಾಗಲಕೋಟೆ, ಇಳಕಲ್ಲಿನವರು ನಗರಸಭೆಗೆ, ಬಾದಾಮಿ, ಹುನಗುಂದದವರು ಪುರಸಭೆಗೆ, ಹಳ್ಳಿಯವರು ಗ್ರಾಮ ಪಂಚಾಯಿತಿಗೆ ಬರೆದು ಕೊಡಬೇಕು. ಪ್ರಮಾಣ ಹೆಚ್ಚಿದ್ದರೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಗೂ ಪ್ರತಿ ಕಳಿಸಬೇಕು. ಆರ್ಸೆನಿಕ್ ಇರುವ ಕಟ್ಟಿಗೆಗೆ ಸರಿಯಾದ ಕೊನೆಯ ಜಾಗವೆಂದರೆ, ತಳಕ್ಕೆ ಜೇಡಿಮಣ್ಣು ಮತ್ತು ದಪ್ಪ ಪ್ಲಾಸ್ಟಿಕ್ ಹಾಸಿ, ಸೋರಿದ ನೀರನ್ನು ಹಿಡಿಯುವ ವ್ಯವಸ್ಥೆಯುಳ್ಳ ಭದ್ರ ಗುಂಡಿ. ಕ್ರಿಯೋಸೋಟ್ ಮತ್ತು ಕೀಟನಾಶಕದ ಕಟ್ಟಿಗೆಗೆ ಪರವಾನಗಿ ಪಡೆದ ಕುಲುಮೆ. ಇವೆರಡೂ ರೈತ ಒಬ್ಬನೇ ಮಾಡುವ ಕೆಲಸಗಳಲ್ಲ.

ಒಂದೊಂದು ಮನೆಯಿಂದ ಎರಡು ಮೂರು ತುಂಡು ಎಂದು ಹೇಳಿದರೆ ಯಾರೂ ಲಾರಿ ಕಳಿಸುವುದಿಲ್ಲ. ಆದ್ದರಿಂದ ಊರಿನವರು ಕೂಡಿ ಒಂದು ಪಟ್ಟಿ ಮಾಡುವುದು ಒಳ್ಳೆಯದು. ಅರ್ಜಿಯಲ್ಲಿ ನಾಲ್ಕು ವಿಷಯ ಇದ್ದರೆ ಸಾಕು: ಯಾರ ಯಾರ ಮನೆಯಲ್ಲಿ ಇದೆ, ಎಷ್ಟು ತುಂಡು ಮತ್ತು ಅಂದಾಜು ತೂಕ, ಯಾವ ಬಗೆಯದು, ಈಗ ಎಲ್ಲಿ ಇಡಲಾಗಿದೆ. ಗ್ರಾಮಸಭೆಯಲ್ಲಿ ಈ ಪಟ್ಟಿಯನ್ನು ಓದಿಸಿ, ಠರಾವಿನಲ್ಲಿ ಬರೆಸಿರಿ. ಅರ್ಜಿಗೆ ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿರಿ.

ಹೂಳಿದರೆ ಆಗದೇ?

ಈ ಪ್ರಶ್ನೆಯನ್ನು ಅನೇಕರು ಕೇಳುತ್ತಾರೆ. ಹೂಳುವುದು ಕಣ್ಣಿಗೆ ಮರೆ ಮಾಡುವ ಕೆಲಸವೇ ಹೊರತು ವಿಲೇವಾರಿಯಲ್ಲ. ನಮ್ಮ ಭಾಗದಲ್ಲಿ ಮೂರು ಜಾಗಗಳ ಬಗ್ಗೆ ವಿಶೇಷ ಎಚ್ಚರ ಬೇಕು.

ಒಂದು, ಹಿನ್ನೀರಿನ ಅಂಚು. ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟ 519.60 ಮೀಟರ್. ಮಳೆಗಾಲದಲ್ಲಿ ಮುಳುಗಿ, ಬೇಸಿಗೆಯಲ್ಲಿ ತೆರೆದುಕೊಳ್ಳುವ ನೆಲದಲ್ಲಿ ಕಟ್ಟಿಗೆ ಹೂಳಿದರೆ ವರ್ಷಕ್ಕೊಮ್ಮೆ ಅದನ್ನು ನೀರಲ್ಲಿ ನೆನೆಸಿದಂತೆ ಆಗುತ್ತದೆ. ಅದೇ ನೀರು ಕೆಳಗಿನವರಿಗೆ ಬೇಕು.

ಎರಡು, ಕಲ್ಲುಗಣಿಯ ಹಳೆಯ ಹೊಂಡ. ಇಳಕಲ್ಲಿನ ಕೆಂಪು ಗ್ರಾನೈಟ್ ಹೆಸರಾದದ್ದು. ಕೆಲಸ ನಿಂತ ಹೊಂಡಗಳಲ್ಲಿ ಮಳೆನೀರು ನಿಲ್ಲುತ್ತದೆ, ಬಂಡೆಯ ಬಿರುಕುಗಳ ಮೂಲಕ ಅದು ಬೋರುಗಳ ಕಡೆಗೆ ಇಳಿಯುತ್ತದೆ. ದನಗಳೂ ಆ ನೀರನ್ನು ಕುಡಿಯುತ್ತವೆ. ಹೊಂಡವನ್ನು ಕಸದ ಗುಂಡಿ ಮಾಡುವುದೆಂದರೆ ಅಂತರ್ಜಲದ ಬಾಯಿಗೆ ವಿಷ ಹಾಕಿದಂತೆ.

ಮೂರು, ಹಾಳುಬಾವಿ. ನೀರಿಲ್ಲವೆಂದು ಕೈಬಿಟ್ಟ ಬಾವಿಗೆ ಯಾವ ಕಾರಣಕ್ಕೂ ಇಂಥ ಕಟ್ಟಿಗೆಯನ್ನಾಗಲಿ ಬೂದಿಯನ್ನಾಗಲಿ ಹಾಕಕೂಡದು.

ಕೆಲಸ ಮಾಡುವಾಗ ಎಚ್ಚರಿಕೆ

ಕತ್ತರಿಸಲೇಬೇಕಾದರೆ ಬಯಲಿನಲ್ಲಿ, ಗಾಳಿಗೆ ಬೆನ್ನು ಮಾಡಿ ಕೆಲಸ ಮಾಡಿರಿ. ಕೆಳಗೆ ತಾಡಪತ್ರಿ ಹಾಸಿ ಹೊಟ್ಟು, ಚೂರು ಎಲ್ಲವನ್ನೂ ಹಿಡಿಯಿರಿ. ಕೈಗೆ ದಪ್ಪ ಚೀಲ, ಮೂಗು ಬಾಯಿಗೆ ಧೂಳು ತಡೆಯುವ ಮಾಸ್ಕ್, ಮೈತುಂಬ ಬಟ್ಟೆ ಇರಲಿ. ಕೆಲಸದ ನಡುವೆ ಎಲೆ ಅಡಿಕೆ, ಬೀಡಿ, ಚಹಾ ಬೇಡ. ಕೈ, ಮುಖ ಸಾಬೂನಿನಿಂದ ತೊಳೆದ ಮೇಲೆಯೇ ರೊಟ್ಟಿ ಮುಟ್ಟಿರಿ. ಆ ಬಟ್ಟೆಗಳನ್ನು ಮಕ್ಕಳ ಬಟ್ಟೆಯ ಜೊತೆ ಒಗೆಯಬೇಡಿರಿ. ಸೀಬು ಚುಚ್ಚಿದರೆ ಕೂಡಲೇ ತೆಗೆದು ತೊಳೆಯಿರಿ, ಬಾತರೆ ವೈದ್ಯರಿಗೆ ತೋರಿಸಿರಿ.

ಈ ಕಟ್ಟಿಗೆಯ ಹೊಟ್ಟನ್ನು ದನಕ್ಕೆ ಹಾಸಲು, ಅಣಬೆ ಬೆಳೆಸಲು, ಗಿಡದ ಬುಡಕ್ಕೆ ಹೊದಿಸಲು, ಕಾಂಪೋಸ್ಟ್ ಅಥವಾ ಎರೆಗೊಬ್ಬರಕ್ಕೆ ಬಳಸಲೇಕೂಡದು. ಸಾ ಮಿಲ್ಲಿನಿಂದ ಹೊಟ್ಟು ತರುವವರು ಅಲ್ಲಿ ಹಳೆಯ ಸ್ಲೀಪರು ಕೊಯ್ಯುತ್ತಾರೆಯೇ ಎಂದು ವಿಚಾರಿಸಿ ತರಬೇಕು.

ಈಗಾಗಲೇ ಸುಟ್ಟಿದ್ದರೆ

ಬೂದಿಯನ್ನು ಒಣದಾಗಿ ಗುಡಿಸಬೇಡಿರಿ, ಧೂಳು ಏಳುತ್ತದೆ. ಹರಿಯದಂತೆ ತುಸು ನೀರು ಚಿಮುಕಿಸಿ, ಕೈಚೀಲ ಹಾಕಿಕೊಂಡು, ಸಲಿಕೆಯಿಂದ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿರಿ. ಬಯಲಿನಲ್ಲಿ ಸುಟ್ಟಿದ್ದರೆ ಕೆಳಗಿನ ಒಂದೆರಡು ಅಂಗುಲ ಮಣ್ಣನ್ನೂ ಕೆರೆದು ಹಾಕಿರಿ. ಚೀಲ ಕಟ್ಟಿ ಮುಚ್ಚಳವಿರುವ ಡಬ್ಬಿಯಲ್ಲಿಟ್ಟು, ‘ವಿಷದ ಬೂದಿ’ ಎಂದು ಬರೆದು, ಕಟ್ಟಿಗೆಯ ಜೊತೆಯಲ್ಲೇ ಒಪ್ಪಿಸಲು ಇಡಿರಿ. ಆ ಜಾಗಕ್ಕೆ ದನಗಳು ಹೋಗದಂತೆ ಬೇಲಿ ಕಟ್ಟಿರಿ.

ಬೂದಿ ನೆಕ್ಕಿದ ದನದಲ್ಲಿ ಜೊಲ್ಲು ಸುರಿಯುವುದು, ಹೊಟ್ಟೆನೋವಿನಿಂದ ಒದ್ದಾಡುವುದು, ನೀರಿನಂಥ ಅಥವಾ ರಕ್ತ ಬೆರೆತ ಭೇದಿ, ತೂರಾಡುವುದು, ನೆಲ ಹಿಡಿಯುವುದು ಕಾಣಿಸುತ್ತವೆ. ತಡ ಮಾಡದೆ ಪಶುವೈದ್ಯರನ್ನು ಕರೆಯಿರಿ, 1962 ಸಂಖ್ಯೆಗೆ ಫೋನು ಮಾಡಿರಿ. ಬೂದಿ ನೆಕ್ಕಿದ ಸಂಗತಿಯನ್ನು ಮುಚ್ಚಿಡದೆ ಹೇಳಿರಿ, ಚಿಕಿತ್ಸೆ ಅದರ ಮೇಲೆ ನಿಂತಿದೆ. ಮನೆಮದ್ದು ಕುಡಿಸುತ್ತ ಕಾಲ ಕಳೆಯಬೇಡಿರಿ. ಮನುಷ್ಯರಿಗೆ ವಾಂತಿ, ಭೇದಿ ಕಂಡರೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಿರಿ.

ಮುಂದೆ ಕೊಳ್ಳುವಾಗ

ನಮ್ಮ ಭಾಗಕ್ಕೆ ಪ್ರಕೃತಿ ಕಲ್ಲನ್ನು ಧಾರಾಳವಾಗಿ ಕೊಟ್ಟಿದೆ. ಬಾದಾಮಿಯ ಮರಳುಗಲ್ಲು, ಇಳಕಲ್ಲಿನ ಗ್ರಾನೈಟ್ ಎರಡೂ ಗೆದ್ದಲಿಗೆ ಅಂಜುವುದಿಲ್ಲ. ಬೇಲಿ, ಗೋದಲಿ, ದ್ರಾಕ್ಷಿ ಚಪ್ಪರಗಳಿಗೆ ಕಲ್ಲುಕಂಬ ಒಮ್ಮೆ ಹಾಕಿದರೆ ತಲೆಮಾರು ಬಾಳುತ್ತದೆ, ವಿಲೇವಾರಿಯ ಚಿಂತೆಯೂ ಇಲ್ಲ. ಮನೆಯ ಒಳಗಿನ ಕಟ್ಟಿಗೆಗೆ ಹುಳು ತಡೆಯಲು ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಆರ್ಸೆನಿಕ್ಕಿಗಿಂತ ಎಷ್ಟೋ ಕಡಿಮೆ ಅಪಾಯದ್ದು. ಮಳೆಗೆ ತೊಳೆದು ಹೋಗುವುದರಿಂದ ಅದು ಹೊರಗಿನ ಬಳಕೆಗೆ ಒದಗುವುದಿಲ್ಲ. ಹರಾಜಿನ ಕಟ್ಟಿಗೆ ಅಗ್ಗವೆಂದು ಕೊಳ್ಳುವ ಮೊದಲು ಅದರ ಕೊನೆ ಏನೆಂದು ಯೋಚಿಸಿರಿ.

ರೈತರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಲವತ್ತು ವರ್ಷ ಬಿಸಿಲು ಮಳೆ ತಿಂದ ಸ್ಲೀಪರಿನಲ್ಲಿ ಇನ್ನೂ ಏನು ಉಳಿದೀತು?
ಉತ್ತರ: ಮೇಲಿನ ಪದರದ್ದು ಹೋಗಿರಬಹುದು. ಒಳಗಿನದು ಉಳಿದಿರುತ್ತದೆ. ಗೆದ್ದಲು ಇನ್ನೂ ತಿಂದಿಲ್ಲವೆಂದರೆ ಅದೇ ಸಾಕ್ಷಿ.

ಪ್ರಶ್ನೆ: ಅಡಿಗೆಗೆ ಬೇಡ, ಹಂಡೆಯ ಒಲೆಗೆ ಹಾಕಬಹುದೇ?
ಉತ್ತರ: ಕೂಡದು. ಹೊಗೆ ಅದೇ ಅಂಗಳದಲ್ಲಿ ಸುಳಿಯುತ್ತದೆ, ಬೂದಿ ಅದೇ ತಿಪ್ಪೆಗೆ ಬೀಳುತ್ತದೆ.

ಪ್ರಶ್ನೆ: ಮೇಲಿನ ಪದರ ಕೆತ್ತಿ ತೆಗೆದರೆ ಒಳಗಿನದು ಶುದ್ಧವೇ?
ಉತ್ತರ: ಒತ್ತಡದಿಂದ ಉಣಿಸಿದ್ದಾದರೆ ಆಳಕ್ಕೆ ಇಳಿದಿರುತ್ತದೆ. ಕೆತ್ತಿದರೆ ವಿಷದ ಚೂರು ಹೆಚ್ಚಾಗುತ್ತದೆ, ಅಷ್ಟೇ.

ಪ್ರಶ್ನೆ: ನಮ್ಮ ಹಳೆಯ ಮನೆಯ ತೊಲೆಗೆ ಎಣ್ಣೆ ಮಾತ್ರ ಹಚ್ಚುತ್ತಿದ್ದೆವು. ಅದನ್ನು ಸುಡಬಹುದೇ?
ಉತ್ತರ: ಬೇವಿನ ಎಣ್ಣೆ, ಅಗಸೆ ಎಣ್ಣೆ ಮಾತ್ರ ಎಂಬುದು ಖಾತ್ರಿಯಿದ್ದರೆ ಅಡ್ಡಿಯಿಲ್ಲ. ಆದರೆ ಗಟ್ಟಿ ತೊಲೆಯನ್ನು ಸುಡುವುದಕ್ಕಿಂತ ಬಡಿಗರಿಗೆ ಕೊಟ್ಟು ಬಾಗಿಲು ಮಾಡಿಸುವುದು ಲಾಭ.

ನೆನಪಿಡಬೇಕಾದ ಅಂಶಗಳು

1. ಹುಟ್ಟು ತಿಳಿಯದ ಹಳೆಯ ಕಟ್ಟಿಗೆಯನ್ನು ಒಲೆಗೆ ಹಾಕಬೇಡಿರಿ.
2. ಕೆಂಪು ಪಟ್ಟೆ ಹಾಕಿ, ಒಣಗಿದ ಜಾಗದಲ್ಲಿ ಬೇರೆ ಇಡಿರಿ.
3. ಹೂಳಬೇಡಿರಿ, ಹೊಂಡಕ್ಕೆ ಎಸೆಯಬೇಡಿರಿ, ಉರುವಲಿಗೆ ಮಾರಬೇಡಿರಿ.
4. ಸಂಶಯದ ಬೂದಿ ಪಾತ್ರೆಗೆ, ಬೀಜಕ್ಕೆ, ತಿಪ್ಪೆಗೆ ಹೋಗದಿರಲಿ.
5. ಊರಿನವರು ಕೂಡಿ ಪಟ್ಟಿ ಮಾಡಿ, ಬರೆದು ಕೊಟ್ಟು ಒಪ್ಪಿಸಿರಿ.

ಹೊಲಕ್ಕೆ ಗೊಬ್ಬರ ಹಾಕುವಾಗ ಒಂದೊಂದು ಬುಟ್ಟಿಯನ್ನೂ ಎಣಿಸುವ ರೈತರು ನಾವು. ಆ ಬುಟ್ಟಿಯಲ್ಲಿ ಏನು ಹೋಗುತ್ತಿದೆ ಎಂಬುದನ್ನೂ ನೋಡುವುದು ಅವಶ್ಯ. ಈ ಬೇಸಿಗೆಯಲ್ಲಿ, ಮುಂಗಾರು ಬೀಳುವ ಮೊದಲೇ, ನಿಮ್ಮ ಕಟ್ಟಿಗೆಯ ರಾಶಿಯನ್ನು ಒಮ್ಮೆ ಬಿಚ್ಚಿ ನೋಡಿರಿ. ಅನುಮಾನ ಬಂದರೆ ಹತ್ತಿರದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರದವರನ್ನು ವಿಚಾರಿಸಿರಿ.